ನಿಂಬೆ-ಸೋಡಾ ಫಾರ್ವರ್ಡ್‌ನಲ್ಲಿ ಬರುವ ಒಟ್ಟೋ ವಾರ್ಬರ್ಗ್ ನಿಜಕ್ಕೂ ಯಾರು?

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಸಂದೇಶ ಬಂದಿರಬಹುದು. ಡಾ. ಒಟ್ಟೋ ವಾರ್ಬರ್ಗ್ ಎಂಬ ಜರ್ಮನಿಯ ವಿಜ್ಞಾನಿ ಕ್ಯಾನ್ಸರ್‌ಗೆ ಕಾರಣ ಕಂಡುಹಿಡಿದು 1931ರಲ್ಲಿ ನೊಬೆಲ್ ಪಡೆದರಂತೆ. ದೇಹದಲ್ಲಿ ಆಮ್ಲ ಹೆಚ್ಚಾಗಿ ಆಮ್ಲಜನಕ ಕಡಿಮೆಯಾದರೆ ಕ್ಯಾನ್ಸರ್ ಬರುತ್ತದಂತೆ. ದಿನಾ ಬೆಳಗ್ಗೆ ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿ ಕುಡಿದರೆ ದೇಹ ಕ್ಷಾರೀಯವಾಗಿ ರೋಗ ಹತ್ತಿರವೂ ಸುಳಿಯುವುದಿಲ್ಲವಂತೆ. ಕೊನೆಯಲ್ಲಿ, ಇದನ್ನು ಹತ್ತು ಜನಕ್ಕೆ ಕಳಿಸಿ ಎಂಬ ಮನವಿ.

ಇಂಥ ಸಂದೇಶವನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕುವುದು ಸುಲಭವಲ್ಲ. ಏಕೆಂದರೆ ಒಟ್ಟೋ ವಾರ್ಬರ್ಗ್ ನಿಜವಾಗಿಯೂ ಇದ್ದರು. 1931ರಲ್ಲಿ ಅವರಿಗೆ ನೊಬೆಲ್ ಬಂದದ್ದೂ ನಿಜ. ಕ್ಯಾನ್ಸರ್ ಬಗ್ಗೆ, ಆಮ್ಲಜನಕದ ಬಗ್ಗೆ ಅವರು ಜೀವನಪೂರ್ತಿ ಕೆಲಸ ಮಾಡಿದ್ದೂ ನಿಜ. ಆದರೆ ಈ ನಿಜಗಳ ನಡುವೆ ಸೇರಿಸಿರುವ ಕೊಂಡಿಗಳು ಮಾತ್ರ ತಪ್ಪು. ಆದ್ದರಿಂದ ಈ ಸಲ ನಾವು ಸಂದೇಶವನ್ನು ಪಕ್ಕಕ್ಕಿಟ್ಟು, ಆ ಮನುಷ್ಯನ ಬದುಕನ್ನೇ ನೋಡೋಣ. ಅವರು ಏನು ಕಂಡುಹಿಡಿದರು, ಎಲ್ಲಿ ಎಡವಿದರು, ಅವರ ಕೆಲಸ ಇಂದು ನಮ್ಮ ರೋಗನಿರೋಧಕ ಶಕ್ತಿ ಮತ್ತು ಹೃದಯದ ಬಗ್ಗೆ ಏನು ಹೇಳುತ್ತಿದೆ ಎಂಬುದು ಗೊತ್ತಾದರೆ ಸಂದೇಶದ ತಪ್ಪು ತಾನಾಗಿಯೇ ಕಾಣುತ್ತದೆ.

ಐನ್‌ಸ್ಟೈನ್ ಬಂದು ಹೋಗುತ್ತಿದ್ದ ಮನೆ

ಒಟ್ಟೋ ವಾರ್ಬರ್ಗ್ ಹುಟ್ಟಿದ್ದು 1883ರ ಅಕ್ಟೋಬರ್ 8ರಂದು, ಜರ್ಮನಿಯ ಫ್ರೈಬರ್ಗ್ ಪಟ್ಟಣದಲ್ಲಿ. ತಂದೆ ಎಮಿಲ್ ವಾರ್ಬರ್ಗ್ ದೊಡ್ಡ ಭೌತವಿಜ್ಞಾನಿ. ಅವರು ಯಹೂದಿ ಮನೆತನದಲ್ಲಿ ಹುಟ್ಟಿ ಕ್ರೈಸ್ತ ಧರ್ಮ ಸೇರಿದವರು. ತಾಯಿ ಕ್ರೈಸ್ತ ಕುಟುಂಬದವರು. ತಂದೆಗೆ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಕ್ಕಿದ ಮೇಲೆ ಕುಟುಂಬ ಅಲ್ಲಿಗೆ ಬಂತು. ಆಲ್ಬರ್ಟ್ ಐನ್‌ಸ್ಟೈನ್ ಈ ಕುಟುಂಬದ ಸ್ನೇಹಿತರಾಗಿದ್ದರು. ವಿಜ್ಞಾನದಲ್ಲಿ ಏನನ್ನೇ ಹೇಳಿದರೂ ಅಳೆದು ಹೇಳಬೇಕು ಎಂಬ ಶಿಸ್ತು ಒಟ್ಟೋ ಅವರಿಗೆ ಮನೆಯಲ್ಲೇ ಸಿಕ್ಕಿತು.

ಬರ್ಲಿನ್‌ನಲ್ಲಿ ಎಮಿಲ್ ಫಿಷರ್ ಎಂಬ ಹೆಸರಾಂತ ರಸಾಯನವಿಜ್ಞಾನಿಯ ಬಳಿ 1906ರಲ್ಲಿ ಡಾಕ್ಟರೇಟ್ ಮುಗಿಸಿದರು. ಅಷ್ಟಕ್ಕೇ ನಿಲ್ಲಿಸದೆ ಹೈಡಲ್‌ಬರ್ಗ್‌ಗೆ ಹೋಗಿ ವೈದ್ಯಕೀಯ ಓದಿ 1911ರಲ್ಲಿ ಎಂಡಿ ಪಡೆದರು. ರಸಾಯನಶಾಸ್ತ್ರ ಕಲಿತವರಿಗೆ ಮತ್ತೆ ವೈದ್ಯಕೀಯ ಏಕೆ ಬೇಕಿತ್ತು? ಕ್ಯಾನ್ಸರ್‌ಗೆ ಮದ್ದು ಕಂಡುಹಿಡಿಯಬೇಕು ಎಂಬ ಆಸೆ ಯೌವನದಿಂದಲೇ ಅವರನ್ನು ಹಿಡಿದಿತ್ತು.

ಸಮುದ್ರದ ಮುಳ್ಳುಜೀವಿಯ ಮೊಟ್ಟೆ ಹೇಳಿದ ಪಾಠ

1908ರಲ್ಲಿ ವಾರ್ಬರ್ಗ್ ಇಟಲಿಯ ನೇಪಲ್ಸ್‌ನಲ್ಲಿದ್ದ ಸಮುದ್ರಜೀವಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದರು. ಅಲ್ಲಿ ಅವರು ಆರಿಸಿಕೊಂಡದ್ದು ಸೀ ಅರ್ಚಿನ್ ಎಂಬ ಮುಳ್ಳುಮುಳ್ಳಾದ ಪುಟ್ಟ ಸಮುದ್ರಜೀವಿಯ ಮೊಟ್ಟೆಗಳನ್ನು. ಮೊಟ್ಟೆ ಫಲಿತವಾದ ಕೂಡಲೇ ಅದು ಎಳೆದುಕೊಳ್ಳುವ ಆಮ್ಲಜನಕ ಹಲವು ಪಟ್ಟು ಏರುವುದನ್ನು ಅವರು ಅಳೆದು ತೋರಿಸಿದರು. ಜೀವಕೋಶ ಬೆಳೆಯಲು ಹೊರಟಾಗ ಅದರ ಉಸಿರಾಟವೂ ಬದಲಾಗುತ್ತದೆ ಎಂಬುದು ಇದರಿಂದ ತಿಳಿಯಿತು. ಹಾಗಾದರೆ ಲಂಗುಲಗಾಮಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶದ ಉಸಿರಾಟ ಹೇಗಿರಬಹುದು? ಈ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಇಲ್ಲೊಂದು ಸ್ಪಷ್ಟನೆ. ಉಸಿರಾಟ ಎಂದರೆ ನಮಗೆ ನೆನಪಾಗುವುದು ಮೂಗು ಮತ್ತು ಶ್ವಾಸಕೋಶ. ಆದರೆ ನಾವು ಎಳೆದುಕೊಂಡ ಆಮ್ಲಜನಕ ನಿಜಕ್ಕೂ ಖರ್ಚಾಗುವುದು ದೇಹದ ಒಂದೊಂದು ಜೀವಕೋಶದೊಳಗೆ. ಅಲ್ಲಿ ಸಕ್ಕರೆ, ಕೊಬ್ಬು ಮುಂತಾದವು ಆಮ್ಲಜನಕದೊಂದಿಗೆ ಸೇರಿ ಶಕ್ತಿ ಹುಟ್ಟುತ್ತದೆ. ವಾರ್ಬರ್ಗ್ ಹುಡುಕಲು ಹೊರಟದ್ದು ಈ ಒಳಗಿನ ಉಸಿರಾಟದ ಗುಟ್ಟನ್ನು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ವಾರ್ಬರ್ಗ್ ಕುದುರೆ ಪಡೆ ಸೇರಿ ಗಾಯಗೊಂಡರು, ಶೌರ್ಯಕ್ಕೆ ಪದಕವನ್ನೂ ಪಡೆದರು. 1918ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗ, ಐನ್‌ಸ್ಟೈನ್ ಅವರಿಗೆ ಪತ್ರ ಬರೆದು ಪ್ರಯೋಗಾಲಯಕ್ಕೆ ಮರಳುವಂತೆ ಕೇಳಿಕೊಂಡರು. ಇಂಥ ಪ್ರತಿಭೆ ರಣರಂಗದಲ್ಲಿ ನಷ್ಟವಾಗಬಾರದು ಎಂಬುದು ಪತ್ರದ ಸಾರ. ವಾರ್ಬರ್ಗ್ ಬರ್ಲಿನ್‌ನ ಡಾಲೆಮ್‌ನಲ್ಲಿದ್ದ ಕೈಸರ್ ವಿಲ್ಹೆಲ್ಮ್ ಸಂಸ್ಥೆಗೆ ಮರಳಿದರು. ಕುದುರೆ ಸವಾರಿಯ ಹವ್ಯಾಸ ಮಾತ್ರ ಮುಪ್ಪಿನವರೆಗೂ ಉಳಿಯಿತು.

ಹುಳಿ ಬರಿಸುವ ಗಡ್ಡೆ

1920ರ ದಶಕದಲ್ಲಿ ವಾರ್ಬರ್ಗ್ ಇಲಿಗಳ ಗಡ್ಡೆಯಿಂದ ತೆಳುವಾದ ಹೋಳುಗಳನ್ನು ಕತ್ತರಿಸಿ ಗಾಜಿನ ಪುಟ್ಟ ಪಾತ್ರೆಗಳಲ್ಲಿ ಇಟ್ಟರು. ಆ ಹೋಳು ಎಷ್ಟು ಆಮ್ಲಜನಕ ಬಳಸುತ್ತದೆ, ಎಷ್ಟು ಆಮ್ಲ ಬಿಡುತ್ತದೆ ಎಂಬುದನ್ನು ಅನಿಲದ ಒತ್ತಡ ಅಳೆಯುವ ಉಪಕರಣದಿಂದ ಲೆಕ್ಕ ಹಾಕಿದರು. ಈ ಉಪಕರಣಕ್ಕೆ ಮುಂದೆ ಅವರ ಹೆಸರೇ ಅಂಟಿಕೊಂಡು, ದಶಕಗಳ ಕಾಲ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿತ್ತು.

ಅವರಿಗೆ ಕಂಡದ್ದು ವಿಚಿತ್ರವಾಗಿತ್ತು. ಸಾಮಾನ್ಯವಾಗಿ ಆಮ್ಲಜನಕ ಸಾಕಷ್ಟಿದ್ದರೆ ಜೀವಕೋಶ ಸಕ್ಕರೆಯನ್ನು ಪೂರ್ತಿ ಉರಿಸುತ್ತದೆ. ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ, ಅಂದರೆ 30 ಶಕ್ತಿಯ ನಾಣ್ಯಗಳು ಸಿಗುತ್ತವೆ. ಆಮ್ಲಜನಕ ಸಾಲದಿದ್ದಾಗ ಮಾತ್ರ ಅದು ಸಕ್ಕರೆಯನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಆಗ ಸಿಗುವುದು ಬರೀ 2 ನಾಣ್ಯ. ಹಾಲು ಮೊಸರಾಗುವಾಗ, ದೋಸೆ ಹಿಟ್ಟು ಹುಳಿ ಬರುವಾಗ ಬ್ಯಾಕ್ಟೀರಿಯಾಗಳು ತಯಾರಿಸುವುದೂ ಇದೇ ಲ್ಯಾಕ್ಟಿಕ್ ಆಮ್ಲ. ಆದರೆ ಗಡ್ಡೆಯ ಕೋಶಗಳು ಆಮ್ಲಜನಕ ಧಾರಾಳವಾಗಿದ್ದರೂ ಸಕ್ಕರೆಯನ್ನು ಗಬಗಬನೆ ಎಳೆದುಕೊಂಡು ಹುಳಿ ಬರಿಸುತ್ತಿದ್ದವು. ಇದನ್ನೇ ಇಂದು ವಾರ್ಬರ್ಗ್ ಪರಿಣಾಮ ಎನ್ನುತ್ತಾರೆ.

ಈ ಅವಲೋಕನ ಸರಿಯಾಗಿತ್ತು. ಇಂದಿಗೂ ಅದು ಉಪಯೋಗದಲ್ಲಿದೆ. ಕ್ಯಾನ್ಸರ್ ರೋಗಿಗಳಿಗೆ ಮಾಡುವ ಪೆಟ್ ಸ್ಕ್ಯಾನ್ ಬಗ್ಗೆ ನೀವು ಕೇಳಿರಬಹುದು. ಅದರಲ್ಲಿ ಸ್ವಲ್ಪ ವಿಕಿರಣ ಸೂಸುವ ಗ್ಲೂಕೋಸ್ ತರಹದ ವಸ್ತುವನ್ನು ರಕ್ತಕ್ಕೆ ಚುಚ್ಚುತ್ತಾರೆ. ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವ ಗಡ್ಡೆ ಚಿತ್ರದಲ್ಲಿ ಎದ್ದು ಕಾಣುತ್ತದೆ. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಈ ಸ್ಕ್ಯಾನ್ ಮಾಡಿಸಿಕೊಳ್ಳುವವರಿಗೂ ನೆರವಾಗುತ್ತಿರುವುದು ವಾರ್ಬರ್ಗ್ ನೂರು ವರ್ಷದ ಹಿಂದೆ ಗಮನಿಸಿದ ಅದೇ ಸಂಗತಿ.

ನೊಬೆಲ್ ಬಂದದ್ದು ಯಾವುದಕ್ಕೆ?

ಫಾರ್ವರ್ಡ್ ಸಂದೇಶದ ಮೊದಲ ತಪ್ಪು ಇಲ್ಲಿದೆ. 1931ರ ನೊಬೆಲ್ ಕ್ಯಾನ್ಸರ್‌ನ ಕಾರಣ ಕಂಡುಹಿಡಿದದ್ದಕ್ಕೆ ಬಂದದ್ದಲ್ಲ. ಜೀವಕೋಶದೊಳಗಿನ ಉಸಿರಾಟಕ್ಕೆ ಕಾರಣವಾದ ಕಿಣ್ವದ ಸ್ವರೂಪ ಮತ್ತು ಅದು ಕೆಲಸ ಮಾಡುವ ರೀತಿಯನ್ನು ಕಂಡುಹಿಡಿದದ್ದಕ್ಕೆ ಬಂತು. ಈ ಕಿಣ್ವದಲ್ಲಿ ಕಬ್ಬಿಣ ಇದೆ, ಆಮ್ಲಜನಕವನ್ನು ಹಿಡಿಯುವುದು ಆ ಕಬ್ಬಿಣವೇ ಎಂಬುದನ್ನು ಅವರು ಸಾಬೀತುಪಡಿಸಿದರು.

ಅದಕ್ಕೆ ಅವರು ಹೂಡಿದ ಉಪಾಯ ಸೊಗಸಾಗಿತ್ತು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದರೆ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್, ಕತ್ತಲಲ್ಲಿ ಯೀಸ್ಟ್ ಕೋಶಗಳ ಉಸಿರಾಟವನ್ನು ತಡೆಯುತ್ತಿತ್ತು. ಬೆಳಕು ಬಿಟ್ಟ ಕೂಡಲೇ ಅವು ಮತ್ತೆ ಉಸಿರಾಡುತ್ತಿದ್ದವು. ಯಾವ ಬಣ್ಣದ ಬೆಳಕು ಎಷ್ಟು ಪರಿಣಾಮಕಾರಿ ಎಂದು ಒಂದೊಂದಾಗಿ ಅಳೆದು, ಕಣ್ಣಿಗೆ ಕಾಣದಷ್ಟು ಕಡಿಮೆ ಪ್ರಮಾಣದಲ್ಲಿದ್ದ ಆ ಕಿಣ್ವ ಹಿಮೋಗ್ಲೋಬಿನ್‌ನಂತೆ ಕಬ್ಬಿಣವುಳ್ಳ ವಸ್ತು ಎಂದು ಗುರುತಿಸಿದರು. ಕಿಣ್ವವನ್ನು ಹೊರಗೆ ತೆಗೆಯದೆಯೇ ಅದರ ಗುರುತು ಹಿಡಿದದ್ದು ಆ ಕಾಲಕ್ಕೆ ಬೆರಗಿನ ಸಾಧನೆ.

ಹಿಟ್ಲರ್ ಕಾಲದ ಬರ್ಲಿನ್

1933ರಲ್ಲಿ ನಾಜಿಗಳು ಅಧಿಕಾರ ಹಿಡಿದರು. ಯಹೂದಿ ಮೂಲದ ವಿಜ್ಞಾನಿಗಳನ್ನು ಹುದ್ದೆಗಳಿಂದ ಕಿತ್ತುಹಾಕಲಾಯಿತು. ವಾರ್ಬರ್ಗ್ ಬಳಿ ನಾಲ್ಕು ವರ್ಷ ಪಳಗಿದ್ದ ಹ್ಯಾನ್ಸ್ ಕ್ರೆಬ್ಸ್ ಫ್ರೈಬರ್ಗ್‌ನಲ್ಲಿ ಕೆಲಸ ಕಳೆದುಕೊಂಡು ಇಂಗ್ಲೆಂಡಿಗೆ ಹೋದರು. ಪಿಯುಸಿ ಜೀವಶಾಸ್ತ್ರದಲ್ಲಿ ಬರುವ ಕ್ರೆಬ್ಸ್ ಚಕ್ರ ಇವರದ್ದೇ. 1953ರಲ್ಲಿ ಅವರಿಗೂ ನೊಬೆಲ್ ಬಂತು. ವಾರ್ಬರ್ಗ್ ಜೊತೆ ಹಿಂದೆ ಕೆಲಸ ಮಾಡಿದ್ದ, 1922ರ ನೊಬೆಲ್ ಪಡೆದಿದ್ದ ಒಟ್ಟೋ ಮೇಯರ್‌ಹೋಫ್ ಕೂಡ ದೇಶ ಬಿಟ್ಟು, ಫ್ರಾನ್ಸ್ ಮೂಲಕ ಅಮೆರಿಕ ಸೇರಬೇಕಾಯಿತು.

ವಾರ್ಬರ್ಗ್ ಮಾತ್ರ ಬರ್ಲಿನ್ ಬಿಡಲಿಲ್ಲ. ತಂದೆಯ ಕಡೆಯಿಂದ ಯಹೂದಿ ಮೂಲದವರಾದ್ದರಿಂದ ನಾಜಿ ಕಾನೂನಿನ ಪ್ರಕಾರ ಅವರು ಅರ್ಧ ಯಹೂದಿ. 1941ರಲ್ಲಿ ಅವರನ್ನೂ ಹುದ್ದೆಯಿಂದ ತೆಗೆಯುವ ಆದೇಶ ಬಂತು. ಆದರೆ ಕೆಲವೇ ವಾರಗಳಲ್ಲಿ ಹಿಟ್ಲರ್‌ನ ಕಚೇರಿಯಿಂದಲೇ ಬೇರೆ ಆದೇಶ ಬಂದು, ಕ್ಯಾನ್ಸರ್ ಸಂಶೋಧನೆ ಮುಂದುವರಿಸಲು ಬಿಟ್ಟರು. ಹಿಟ್ಲರ್‌ನ ತಾಯಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು, ಅವನಿಗೆ ಆ ರೋಗದ ಭಯವಿತ್ತು, ಅದರಿಂದಲೇ ವಾರ್ಬರ್ಗ್ ಉಳಿದರು ಎಂದು ಹಲವರು ಊಹಿಸುತ್ತಾರೆ. ತನ್ನ ಸಹೋದ್ಯೋಗಿಗಳು ಊರು ಬಿಡುತ್ತಿದ್ದಾಗ ಅದೇ ಸರ್ಕಾರದ ಕೆಳಗೆ ಕೆಲಸ ಮುಂದುವರಿಸಿದ್ದಕ್ಕೆ ವಿದೇಶದ ಕೆಲವು ವಿಜ್ಞಾನಿಗಳು ಅವರನ್ನು ಕ್ಷಮಿಸಲಿಲ್ಲ. ಪ್ರಯೋಗಾಲಯವೇ ಅವರ ಮನೆ, ಸಂಸಾರ ಎಲ್ಲವೂ ಆಗಿತ್ತು. ಅವರು ಮದುವೆಯಾಗಲಿಲ್ಲ. ಯಾಕೋಬ್ ಹೈಸ್ ಎಂಬ ಸಂಗಾತಿ ಕೊನೆಯವರೆಗೂ ಜೊತೆಗಿದ್ದರು.

ಎಡವಿದ್ದು ಎಲ್ಲಿ?

ಯುದ್ಧದ ನಂತರ 1950ರಲ್ಲಿ ಅವರ ಸಂಸ್ಥೆ ಮತ್ತೆ ತೆರೆಯಿತು. 1956ರಲ್ಲಿ ಕ್ಯಾನ್ಸರ್ ಕೋಶ ಹುಟ್ಟುವ ಬಗೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಅವರು ತಮ್ಮ ವಾದವನ್ನು ಗಟ್ಟಿಯಾಗಿ ಮಂಡಿಸಿದರು. ಕೋಶದ ಉಸಿರಾಟದ ವ್ಯವಸ್ಥೆಗೆ ಸರಿಪಡಿಸಲಾಗದ ಪೆಟ್ಟು ಬಿದ್ದು, ಅದು ಹುಳಿ ಬರಿಸುವ ದಾರಿ ಹಿಡಿದಾಗ ಕ್ಯಾನ್ಸರ್ ಹುಟ್ಟುತ್ತದೆ ಎಂಬುದು ಅವರ ವಾದ.

ಅಮೆರಿಕದ ಸಿಡ್ನಿ ವೈನ್‌ಹೌಸ್ ಮೊದಲಾದವರು ಇದನ್ನು ಆಗಲೇ ಪ್ರಶ್ನಿಸಿದರು. ಅನೇಕ ಗಡ್ಡೆಗಳಲ್ಲಿ ಕೋಶದ ಉಸಿರಾಟ ಕೆಟ್ಟಿಲ್ಲ, ಚೆನ್ನಾಗಿಯೇ ನಡೆಯುತ್ತಿದೆ ಎಂದು ಅಳೆದು ತೋರಿಸಿದರು. ಮುಂದೆ ಜೀನ್‌ಗಳ ಅಧ್ಯಯನ ಬೆಳೆದಂತೆ, ಕ್ಯಾನ್ಸರ್ ಮೂಲದಲ್ಲಿ ಜೀನ್‌ಗಳ ಬದಲಾವಣೆಯಿಂದ ಬರುವ ರೋಗ ಎಂಬುದು ಸ್ಪಷ್ಟವಾಯಿತು. ಸಕ್ಕರೆಯ ಹಸಿವು ಬಹುಪಾಲು ಆ ಬದಲಾವಣೆಗಳ ಪರಿಣಾಮ. ವಾರ್ಬರ್ಗ್ ಇದನ್ನು ಒಪ್ಪಲಿಲ್ಲ. ಅಷ್ಟು ನಿಖರವಾಗಿ ಅಳೆಯುತ್ತಿದ್ದ ವಿಜ್ಞಾನಿ, ತನ್ನ ಅಳತೆಗೆ ತಾನೇ ಕೊಟ್ಟ ಅರ್ಥವನ್ನು ಮಾತ್ರ ಮರುಪರಿಶೀಲಿಸಲು ಸಿದ್ಧರಿರಲಿಲ್ಲ. 1966ರಲ್ಲಿ ಲಿಂಡಾವ್‌ನಲ್ಲಿ ನಡೆದ ನೊಬೆಲ್ ಪುರಸ್ಕೃತರ ಸಭೆಯಲ್ಲಿ, 82ನೇ ವಯಸ್ಸಿನಲ್ಲೂ, ಅದೇ ವಾದವನ್ನು ಮತ್ತೆ ಹೇಳಿದರು. ಫಾರ್ವರ್ಡ್‌ಗಳಿಗೆ ಸರಕಾಗಿರುವುದು ಮುಖ್ಯವಾಗಿ ಆ ಉಪನ್ಯಾಸವೇ. ಆದರೆ ಅಲ್ಲಿ ಕೂಡ ಅವರು ಸೂಚಿಸಿದ್ದು ಉಸಿರಾಟದ ಕಿಣ್ವಗಳಿಗೆ ಬೇಕಾದ ಕಬ್ಬಿಣ ಮತ್ತು ಕೆಲವು ಬಿ ವಿಟಮಿನ್‌ಗಳನ್ನು. ನಿಂಬೆ-ಸೋಡಾ ಆಮೇಲೆ ಯಾರೋ ಸೇರಿಸಿದ್ದು.

ಆಮ್ಲದ ಕಥೆ ತಲೆಕೆಳಗಾದದ್ದು ಹೇಗೆ?

ಗಡ್ಡೆಯ ಸುತ್ತ ಆಮ್ಲ ಇರುತ್ತದೆ, ನಿಜ. ಆದರೆ ಆ ಆಮ್ಲವನ್ನು ತಯಾರಿಸುವುದು ಗಡ್ಡೆ. ಆಮ್ಲದಿಂದ ಗಡ್ಡೆ ಹುಟ್ಟುವುದಿಲ್ಲ. ಹೊಗೆಯನ್ನು ನೋಡಿ, ಹೊಗೆಯಿಂದಲೇ ಬೆಂಕಿ ಹತ್ತಿಕೊಂಡಿತು ಎಂದ ಹಾಗಾಯಿತು.

ಇನ್ನು ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರುತ್ತದೆ. ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಕ್ಷಣಕ್ಷಣವೂ ಇದನ್ನು ಕಾಯುತ್ತವೆ. ಏನು ತಿಂದರೂ, ಕುಡಿದರೂ ಬದಲಾಗುವುದು ಹೆಚ್ಚೆಂದರೆ ಮೂತ್ರದ ಪಿಎಚ್. ನಿಂಬೆ ಪಾನಕ ಕುಡಿಯಿರಿ, ಬಿಸಿಲಿಗೆ ಒಳ್ಳೆಯದು. ಆದರೆ ಅಡುಗೆ ಸೋಡಾದಲ್ಲಿ ಸೋಡಿಯಂ ಹೆಚ್ಚಿದೆ. ಬಿಪಿ, ಹೃದಯ ವೈಫಲ್ಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಅದನ್ನು ದಿನಾ ಕುಡಿದರೆ ಅಪಾಯವೇ ಆಗಬಹುದು.

ಆಮ್ಲಜನಕ ಕಡಿಮೆಯಾದಾಗ ರೋಗನಿರೋಧಕ ಶಕ್ತಿಗೆ ಏನಾಗುತ್ತದೆ?

ವಾರ್ಬರ್ಗ್ ಅವರ ಕೆಲಸ ಅವರು ಊಹಿಸದ ಜಾಗದಲ್ಲಿ ಫಲ ಕೊಟ್ಟಿದೆ. ಅದು ನಮ್ಮ ಬಿಳಿ ರಕ್ತಕಣಗಳಲ್ಲಿ. ಸೋಂಕಿನ ವಿರುದ್ಧ ಹೋರಾಡಲು ಎಚ್ಚೆತ್ತ ಬಿಳಿ ರಕ್ತಕಣಗಳೂ ಗಡ್ಡೆಯ ಕೋಶಗಳ ಹಾಗೆಯೇ ಸಕ್ಕರೆಯನ್ನು ವೇಗವಾಗಿ ಒಡೆದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಅಂದರೆ ವಾರ್ಬರ್ಗ್ ಪರಿಣಾಮ ಕ್ಯಾನ್ಸರ್‌ನ ಸ್ವತ್ತಲ್ಲ. ಬೇಗ ಬೆಳೆಯಬೇಕಾದ, ತುರ್ತಾಗಿ ಕೆಲಸ ಮಾಡಬೇಕಾದ ಆರೋಗ್ಯವಂತ ಕೋಶಗಳೂ ಈ ದಾರಿ ಹಿಡಿಯುತ್ತವೆ.

ಇದರಿಂದ ಒಂದು ಅನುಕೂಲವಿದೆ. ಕೀವು ತುಂಬಿದ ಗಾಯದಲ್ಲಿ, ಊದಿಕೊಂಡ ಜಾಗದಲ್ಲಿ ಆಮ್ಲಜನಕ ತುಂಬಾ ಕಡಿಮೆ. ಅಲ್ಲಿಗೆ ಹೋಗಿ ಕೆಲಸ ಮಾಡುವ ಕಣಗಳು ಆಮ್ಲಜನಕವನ್ನೇ ನಂಬಿ ಕೂರುವಂತಿಲ್ಲ. ಈ ಹೊಂದಾಣಿಕೆಯ ಹಿಂದೆ ಎಚ್‌ಐಎಫ್ ಎಂಬ ಪ್ರೋಟೀನ್ ಇದೆ. ಆಮ್ಲಜನಕ ಸಾಕಷ್ಟಿದ್ದಾಗ ಕೋಶ ಇದನ್ನು ಗುರುತು ಹಾಕಿ ನಾಶಮಾಡುತ್ತದೆ. ಆಮ್ಲಜನಕ ಕಡಿಮೆಯಾದಾಗ ಇದು ಉಳಿದುಕೊಂಡು, ಸಕ್ಕರೆ ಒಡೆಯುವ, ಹೊಸ ರಕ್ತನಾಳ ಬೆಳೆಸುವ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಕೋಶಗಳು ಆಮ್ಲಜನಕವನ್ನು ಗ್ರಹಿಸುವ ಈ ಬಗೆಯನ್ನು ಕಂಡುಹಿಡಿದದ್ದಕ್ಕೆ ವಿಲಿಯಂ ಕೈಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು.

ಆದರೆ ಹೊಂದಾಣಿಕೆಗೂ ಒಂದು ಮಿತಿಯಿದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲುವ ಕೆಲವು ರಾಸಾಯನಿಕಗಳನ್ನು ತಯಾರಿಸಲು ಆಮ್ಲಜನಕ ಬೇಕೇ ಬೇಕು. ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ರಕ್ತಸಂಚಾರ ಕುಗ್ಗಿದಾಗ ಸಣ್ಣ ಗಾಯವೂ ಮಾಯದೆ ಕೊಳೆಯಲು ಇದೂ ಒಂದು ಕಾರಣ. ದೊಡ್ಡ ಗಡ್ಡೆಯ ಒಳಗೂ ಆಮ್ಲಜನಕ ಕಡಿಮೆ, ಆಮ್ಲ ಹೆಚ್ಚು. ಅಲ್ಲಿಗೆ ಹೋದ ಟಿ ಕೋಶಗಳು ಸೊರಗುತ್ತವೆ.

ಹೃದಯಕ್ಕೂ ಇದಕ್ಕೂ ಏನು ಸಂಬಂಧ?

ಹೃದಯದ ಸ್ನಾಯು ಒಂದು ಕ್ಷಣವೂ ಬಿಡುವಿಲ್ಲದೆ ದುಡಿಯುತ್ತದೆ. ಅದರ ಇಂಧನ ಹೆಚ್ಚಾಗಿ ಕೊಬ್ಬು, ಅದನ್ನು ಉರಿಸಲು ಆಮ್ಲಜನಕ ಬೇಕು. ರಕ್ತನಾಳ ಕಿರಿದಾಗಿ ಆಮ್ಲಜನಕ ಸಾಲದಾದಾಗ ಸ್ನಾಯು ಸಕ್ಕರೆಯತ್ತ ತಿರುಗುತ್ತದೆ. ಹಾಗಾಗಿ ಅದೇ ಪೆಟ್ ಸ್ಕ್ಯಾನ್‌ನಲ್ಲಿ ಹೃದಯವನ್ನೂ ನೋಡುತ್ತಾರೆ. ಬಡಿತ ಮಂದವಾಗಿದ್ದರೂ ಸಕ್ಕರೆ ಎಳೆದುಕೊಳ್ಳುತ್ತಿರುವ ಭಾಗ ಇನ್ನೂ ಜೀವಂತವಾಗಿದೆ ಎಂದರ್ಥ. ರಕ್ತಸಂಚಾರ ಸರಿಪಡಿಸಿದರೆ ಅದು ಚೇತರಿಸಿಕೊಳ್ಳಬಹುದು ಎಂದು ವೈದ್ಯರು ಅಂದಾಜಿಸುತ್ತಾರೆ.

ರೋಗನಿರೋಧಕ ಕಣಗಳಿಗೂ ಇಲ್ಲಿ ಪಾತ್ರವಿದೆ. ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬಿನ ಪದರ ದಪ್ಪವಾದಂತೆ ಅದರೊಳಗೆ ಆಮ್ಲಜನಕ ತಲುಪುವುದಿಲ್ಲ. ಅಲ್ಲಿ ಸಿಕ್ಕಿಕೊಂಡ ಬಿಳಿ ರಕ್ತಕಣಗಳು ಉರಿಯೂತವನ್ನು ಹೆಚ್ಚಿಸುತ್ತವೆ. ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ ಉಸಿರು ಪದೇ ಪದೇ ನಿಲ್ಲುವ ಸ್ಲೀಪ್ ಆಪ್ನಿಯಾ ಕೂಡ ರಾತ್ರಿಯಿಡೀ ಆಮ್ಲಜನಕವನ್ನು ಏರಿಳಿಸುತ್ತದೆ. ಇದಕ್ಕೂ ಬಿಪಿ, ಹೃದಯರೋಗಕ್ಕೂ ನಂಟಿದೆ. ಮನೆಯವರು ಹೀಗೆ ಗೊರಕೆ ಹೊಡೆಯುತ್ತಿದ್ದರೆ ನಕ್ಕು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ.

ಹಾಗಾದರೆ ಆಮ್ಲಜನಕ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೇ? ಅದೂ ಅಲ್ಲ. ಸ್ವೀಡನ್‌ನಲ್ಲಿ ಹೃದಯಾಘಾತದ ಶಂಕೆಯಿದ್ದ, ರಕ್ತದ ಆಮ್ಲಜನಕ ಮಟ್ಟ 90% ಅಥವಾ ಹೆಚ್ಚಿದ್ದ 6,629 ರೋಗಿಗಳ ಮೇಲೆ ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ ಮಾಸ್ಕ್ ಮೂಲಕ ಆಮ್ಲಜನಕ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಒಂದು ವರ್ಷದ ನಂತರ ನೋಡಿದರೆ ಎರಡೂ ಗುಂಪಿನಲ್ಲಿ ಸಾವಿನ ಪ್ರಮಾಣ ಸುಮಾರು 5%. 2017ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಮಟ್ಟ ನಿಜಕ್ಕೂ ಇಳಿದವರಿಗೆ ಆಮ್ಲಜನಕ ಜೀವ ಉಳಿಸುತ್ತದೆ. ಸರಿಯಾಗಿರುವವರಿಗೆ ಅದರಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಕೊನೆಯ ದಿನಗಳು

ವಾರ್ಬರ್ಗ್ ಅವರಿಗೆ ರಾಸಾಯನಿಕ ಬೆರೆತ ಆಹಾರದ ಬಗ್ಗೆ ತುಂಬಾ ಅನುಮಾನವಿತ್ತು. ರಾಸಾಯನಿಕ ಗೊಬ್ಬರ ಹಾಕದೆ ಬೆಳೆದ ತರಕಾರಿ, ಮನೆಯಲ್ಲೇ ಮಾಡಿದ ಬ್ರೆಡ್ ಅವರಿಗೆ ಇಷ್ಟ. ತಂಬಾಕಿನ ವಿರುದ್ಧವೂ ಮಾತಾಡುತ್ತಿದ್ದರು, ಆ ವಿಷಯದಲ್ಲಿ ಅವರ ಮಾತು ಸರಿಯಾಗಿತ್ತು. ಎಂಬತ್ತು ದಾಟಿದ ಮೇಲೂ ಪ್ರಯೋಗಾಲಯಕ್ಕೆ ಹೋಗುತ್ತಿದ್ದರು. 1968ರಲ್ಲಿ ಬಿದ್ದು ತೊಡೆಯ ಮೂಳೆ ಮುರಿಯಿತು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆ ಶುರುವಾಯಿತು. 1970ರ ಆಗಸ್ಟ್ 1ರಂದು, ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡು, ಬರ್ಲಿನ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 86 ವರ್ಷ.

ಫಾರ್ವರ್ಡ್ ಬಂದರೆ ಏನು ಮಾಡಬೇಕು?

ಸ್ತನದಲ್ಲಿ ಗಂಟು ಕಂಡ ಮಹಿಳೆ ಆರು ತಿಂಗಳು ನಿಂಬೆ-ಸೋಡಾ ಕುಡಿಯುತ್ತಾ ಕೂತರೆ, ಆ ಆರು ತಿಂಗಳಲ್ಲಿ ಗಂಟು ಬೆಳೆಯುತ್ತದೆ. ಬೇಗ ಬಂದಿದ್ದರೆ ಗುಣವಾಗಬಹುದಿದ್ದ ಕಾಯಿಲೆ ಕೈಮೀರಬಹುದು. ಈ ಸಂದೇಶದ ನಿಜವಾದ ಅಪಾಯ ಇದು. ಆದ್ದರಿಂದ ಈ ಮೂರು ವಿಷಯ ನೆನಪಿಡಿ:

• ವಾರ್ಬರ್ಗ್ ಅವರಿಗೆ ನೊಬೆಲ್ ಬಂದದ್ದು ಜೀವಕೋಶದ ಉಸಿರಾಟದ ಕಿಣ್ವಕ್ಕಾಗಿ, ಕ್ಯಾನ್ಸರ್ ಚಿಕಿತ್ಸೆಗಾಗಿ ಅಲ್ಲ.

• ಆಹಾರದಿಂದ ರಕ್ತವನ್ನು ಕ್ಷಾರೀಯ ಮಾಡಲು ಆಗುವುದಿಲ್ಲ, ಹಾಗೆ ಮಾಡಿ ಕ್ಯಾನ್ಸರ್ ತಡೆಯಲೂ ಆಗುವುದಿಲ್ಲ.

• ಮಾಯದ ಗಾಯ, ಹೊಸ ಗಂಟು, ಎದೆನೋವು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಮುಂದಿನ ಸಲ ಅತ್ತೆಯೋ, ದೊಡ್ಡಪ್ಪನೋ ಈ ಸಂದೇಶ ಕಳಿಸಿದರೆ ಗ್ರೂಪಿನಲ್ಲಿ ಎಲ್ಲರೆದುರು ಜಗಳ ಬೇಡ. ಪ್ರೀತಿಯಿಂದಲೇ ಕಳಿಸಿರುತ್ತಾರೆ. ಅವರಿಗೆ ಒಂದು ಫೋನ್ ಮಾಡಿ, ಯಾರಿಗಾದರೂ ಹುಷಾರಿಲ್ಲವೇ ಎಂದು ಮೊದಲು ವಿಚಾರಿಸಿ. ಆಮೇಲೆ ವಾರ್ಬರ್ಗ್ ಅವರ ನಿಜವಾದ ಕಥೆ ಹೇಳಿ.